ಕಂಗೀನ

ಮಣ್ಣು, ಒಂದು ಹಿಡಿ ಒಣಹುಲ್ಲು,
ನೀರು ಎಷ್ಟೆಂದು ಕೇಳಬೇಡ, ಕೈ ಹೇಳುತ್ತದೆ
ಎನ್ನುತ್ತಾಳೆ ಗುಲಾಂದಾಮ್.
ಶೊಮಾಲಿ ಬಯಲಿನ ಬಿಸಿಲಿಗೆ ಬೋರಲಿಟ್ಟ ಬಟ್ಟಲು
ಸಂಜೆಯೊಳಗೆ ಟಣ್ ಎನ್ನಬೇಕು;
ಎನ್ನದಿದ್ದರೆ ಒಡೆದು ಮತ್ತೆ ಕಲಸು.

ದ್ರಾಕ್ಷಿ ಮಾತ್ರ ಕೊನೆಯ ಕೊಯ್ಲಿನದೇ.
ತೆಳುಸಿಪ್ಪೆಯ ಸಿಹಿ ಆತುರಗಾರರಿಗಿರಲಿ,
ಇದು ತಾಯಿಫಿ, ದಪ್ಪ ಚರ್ಮದ್ದು,
ಅತ್ತೆಯ ಮಾತಿಗೂ ಹಿಮಕ್ಕೂ ಜಗ್ಗದ್ದು.
ಎರಡು ಬಟ್ಟಲ ಬಾಯಿಗೆ ಬಾಯಿ ಕೂಡಿಸಿ
ಅಂಚಿಗೆ ಹಸಿಮಣ್ಣು ಮೆತ್ತಿದರೆ ಮುಗಿಯಿತು.
ಆಮೇಲೆ ಇಣುಕುವಂತಿಲ್ಲ.
ಕತ್ತಲಕೋಣೆಯಲ್ಲಿ ಐದು ತಿಂಗಳು
ನಂಬಿಕೊಂಡಿರಬೇಕು, ಅಷ್ಟೆ.

ಗಂಡ ಸಖಿದಾದ್‌ನ ತಂಗಿ ಕಾಬೂಲಿನಲ್ಲಿ ಫ್ರಿಜ್ಜು ಕೊಂಡಿದ್ದಾಳೆ.
ಕರೆಂಟು ದಿನಕ್ಕೆ ನಾಲ್ಕು ತಾಸು.
ಈಗ ಅದರೊಳಗೆ ಮದುವೆಯ ಬಟ್ಟೆ ಮಡಿಸಿಟ್ಟಿದ್ದಾಳೆ,
ಇಲಿಯ ಕಾಟವಿಲ್ಲವಂತೆ.

ನವ್ರೋಜಿಗೆ ಎಂಟು ದಿನವಿದ್ದಾಗ
ಟ್ಯಾಕ್ಸಿಯ ಡಿಕ್ಕಿಗೆ ಹುಲ್ಲು ಹಾಸಿ
ಹದಿನೇಳು ಕಂಗೀನ ಹೇರಿಕೊಂಡು ಪೇಟೆಗೆ ಹೊರಟಳು.
ಸೇತುವೆಯ ಬಳಿ ತಡೆದರು.
ಕಾವಲಿನ ಹುಡುಗ, ಬದಖ್‌ಶಾನಿನವನು, ಮೀಸೆ ಇನ್ನೂ ಕೂತಿಲ್ಲ,
ಡಿಕ್ಕಿ ತೆಗೆದವನೇ ಮೂರು ಹೆಜ್ಜೆ ಹಿಂದಕ್ಕೆ ಜಿಗಿದ.
ದುಂಡಗೆ, ಚಪ್ಪಟೆಯಾಗಿ, ನೆಲದ ಬಣ್ಣದಲ್ಲಿ,
ಅಂಚಿಗೆ ಬೆಸುಗೆ.
ಅವನ ಅಣ್ಣನ ಕಾಲು ಕೊಂಡೊಯ್ದದ್ದೂ
ಇಷ್ಟೇ ಅಗಲವಿತ್ತು.

"ಒಡಿ" ಎಂದ, ದೂರದಿಂದ.
"ಒಡೆದರೆ ಉಳಿಯುವುದಿಲ್ಲ" ಎಂದಳು.
"ಒಡಿ."

ಟ್ಯಾಕ್ಸಿಯವನು ಕಿವಿ ಮುಚ್ಚಿಕೊಂಡ.
ರಸ್ತೆಬದಿಯ ಕಲ್ಲಿಗೆ ಮೆಲ್ಲಗೆ ಕುಟ್ಟಿದಳು,
ಮೊಟ್ಟೆ ಒಡೆಯುವವರ ಹಾಗೆ.
ಧೂಳು. ಹುಲ್ಲು. ಆಮೇಲೆ
ತಿಳಿಗೆಂಪು, ಬಿಗಿ, ತುಂಬು ಗೊಂಚಲು,
ಕೊಯ್ದ ದಿನದ ಬೂದಿಬಣ್ಣದ ಪುಡಿಯೂ ಮಾಸದೆ.
ಬಂದೂಕಿನ ಮೂತಿಯಿಂದ ಒಂದು ಹಣ್ಣು ಉರುಳಿಸಿ ನೋಡಿದ.

"ಇನ್ನು ಹದಿನಾರಿವೆ" ಎಂದಳು, ಅವನು ಕೇಳುವ ಮೊದಲೇ.
ಎಣಿಸಿದ. ಅವಳ ಕೈಗಳನ್ನು ನೋಡಿದ.
ಮತ್ತೆ ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದ.
ಅವಳ ಅತ್ತೆ ಹಿಡಿಯುತ್ತಿದ್ದದ್ದೂ ಹಾಗೆಯೇ,
ಒಳಗೆ ಕೊಳೆತಿದ್ದರೆ ಗೊತ್ತಾಗುತ್ತದೆಂದು.
ಅವನು ಆಲಿಸುತ್ತಿದ್ದದ್ದು ಬೇರೆ.

ಹದಿನಾರನ್ನೂ ಆಲಿಸಿ, ಹುಲ್ಲಿನ ಮೇಲೆ
ಮಗುವನ್ನು ಮಲಗಿಸುವಂತೆ ಇಟ್ಟ.
ಒಡೆದದ್ದು ಇನ್ನು ಪೇಟೆ ತಲುಪುವುದಿಲ್ಲ.
ಅಲ್ಲೇ ಬಿಟ್ಟು ಬಂದಳು, ದುಡ್ಡು ಕೇಳಲಿಲ್ಲ,
ಕೇಳಬೇಕಿತ್ತೆಂದು ದಾರಿಯುದ್ದಕ್ಕೂ ಗೊಣಗಿದಳು.

ಸಂಜೆ ಮರಳುವಾಗ ಅದೇ ಸೇತುವೆ, ಅದೇ ಹುಡುಗ,
ಮರಳಿನ ಮೂಟೆಗೆ ಒರಗಿ
ಅರ್ಧ ಬಟ್ಟಲಿನೊಳಕ್ಕೆ
ಒಂದೊಂದೇ ಬೀಜ ಉಗುಳುತ್ತಿದ್ದ.