ಒಳಗೆಳೆದ ಹೌದು

ಎರಡು ವರ್ಷಕ್ಕೆ ಕೊಟ್ಟ ಹುದ್ದೆ.
ಆದೇಶದಲ್ಲಿ ಬರೆದಿತ್ತು: ಪೋಸ್ಟ್‌ಡಾಕ್, ಬಹುಭಾಷಿಕತೆ,
ಹಣವಿದ್ದರೆ ಇನ್ನಾರು ತಿಂಗಳು.
ಓಸ್ಲೋದಿಂದ ವಿಮಾನ, ಆಮೇಲೆ ಬಸ್ಸು,
ಬಸ್ಸು ಇಳಿಸಿದಲ್ಲಿ ಒಂದು ಫಲಕ.
ಒಂದೇ ಊರಿಗೆ ಮೂರು ಹೆಸರು,
ನಡುವಿನ ಹೆಸರಿಗೆ ಯಾರೋ ಗುಂಡು ಹೊಡೆದ ಐದು ತೂತು.
ತೂತಿನೊಳಗಿಂದ ಸಮುದ್ರ ಕಾಣುತ್ತಿತ್ತು.

ಹಿಲ್ಮಾ ಮುದುಕಿ ಮೀನು ಸೀಳುತ್ತಿದ್ದಳು.
ರೆಕಾರ್ಡರು ಇಟ್ಟು, ನಮೂನೆ ಬಿಡಿಸಿ ಕೇಳಿದೆ:
ಮಾತೃಭಾಷೆ? ಒಂದು ಚೌಕ, ಒಂದೇ ಗೀಟು.
ಯಾವ ಭಾಷೆ ಶೇಕಡಾ ಎಷ್ಟು?
ಅವಳು ಚಾಕು ಒರೆಸಿಕೊಂಡಳು.
"ದುಡ್ಡು ಎಣಿಸೋದು ನಾರ್ವೇಜಿಯನ್ನಲ್ಲಿ,
ಶಾಲೆಯಲ್ಲಿ ಬಾರಿಸಿ ಕಲಿಸಿದರು.
ಹಿಮಸಾರಂಗದವರು ಬಂದರೆ ಸಾಮಿ,
ಚೌಕಾಸಿ ಅದರಲ್ಲೇ ಚೆಂದ.
ದೇವರಿಗೆ ಫಿನ್ನಿಶ್,
ಅವನಿಗೆ ಬೇರೆ ತಿಳಿಯದು ಅಂತ ಅಪ್ಪ ಹೇಳುತ್ತಿದ್ದ.
ಬಯ್ಯೋದು ಮಾತ್ರ ಕ್ವೆನ್ನಲ್ಲಿ, ನಾಯಿಗೆ.
ನಾಯಿ ಸತ್ತು ಎರಡು ಚಳಿಗಾಲವಾಯಿತು.
ಅದನ್ನು ಯಾವ ಚೌಕಕ್ಕೆ ಹಾಕುತ್ತೀ?"

ಹಾಕಲಿಲ್ಲ.

ನಿನ್ನದು? ಅಂತ ಅವಳೇ ತಿರುಗಿ ಕೇಳಿದಳು.
ಲಾಟ್ವಿಯಾ, ಅಂದೆ. ಅದು ದೇಶ, ಅಂದಳು.
ರೇಜೆಕ್ನೆಯಲ್ಲಿ ನಮ್ಮಜ್ಜಿ ಲಾಟ್ಗಾಲಿಯನ್ನಲ್ಲಿ ಕೂಗಿದರೆ
ನಾನು ಲಾಟ್ವಿಯನ್ನಲ್ಲಿ ಓಗೊಡುತ್ತಿದ್ದೆ.
ಒಂದು ಹೊಸ್ತಿಲಷ್ಟೇ ಅಂತರ,
ದಾಟಿದ್ದು ಯಾವಾಗ ಅಂತ ಗೊತ್ತಾಗಲಿಲ್ಲ.
ನಾಲ್ಕು ಭಾಷೆಯಲ್ಲಿ ಪ್ರಬಂಧ ಮಂಡಿಸಿದವಳು
ಅಜ್ಜಿಯ ಮಾತಲ್ಲಿ ಒಂದು ಲೋಟ ನೀರು ಕೇಳಲು
ಈಗ ತಡವರಿಸುತ್ತೇನೆ.

ಹಿಲ್ಮಾಳ ಭಾಷೆಯಲ್ಲಿ ನಾಲಿಗೆ, ನುಡಿ, ವಾದ್ಯದ ತಂತಿ,
ಮೂರಕ್ಕೂ ಒಂದೇ ಪದ: ಕಿಯೆಲಿ.
"ಒಂದು ಹರಿದರೆ ಮಿಕ್ಕೆರಡು?" ಅಂದೆ, ಜಾಣತನಕ್ಕೆ.
"ಮೀನು ಆರಿಹೋಗುತ್ತೆ, ತಿನ್ನು."

ಚಳಿಗಾಲವಿಡೀ ಕತ್ತಲಲ್ಲಿ ಕೂತು ಬರಹಕ್ಕಿಳಿಸಿದೆ.
ತಂತ್ರಾಂಶ ಹಠಮಾರಿ: ಪ್ರತಿ ತುಣುಕಿಗೂ
ಯಾವ ಭಾಷೆ ಎಂದು ಗುರುತು ಹಾಕದೆ ಮುಂದೆ ಬಿಡದು.
ನಾಲ್ಕು ಬಣ್ಣ. ಕೆಲವೊಮ್ಮೆ ಪದದ ತಲೆಗೊಂದು, ಬಾಲಕ್ಕೊಂದು.
ನಡುನಡುವೆ ಅದೊಂದು ಸದ್ದು:
ಹೌದು ಅನ್ನುವ ಬದಲು
ಗಬಕ್ಕನೆ ಉಸಿರು ಒಳಗೆಳೆದುಕೊಳ್ಳುವುದು,
ತಣ್ಣೀರಿಗೆ ಕಾಲಿಟ್ಟವರ ಹಾಗೆ.
ನಾನೂರ ಹನ್ನೆರಡು ಸಲ.
ಅಂಗಡಿಯವನೂ ಹಾಗೇ ಅನ್ನುತ್ತಾನೆ, ಸಾರಂಗದವರೂ, ಪಾದ್ರಿಯೂ.
ಯಾವ ಬಣ್ಣ ಹಚ್ಚಲಿ ಇದಕ್ಕೆ?
ಕೇಳಿದವರೆಲ್ಲ ನಮ್ಮದೇ ಅಂದರು.
ಇನ್ನೂ ಯಾರೂ ಗುಂಡು ಹೊಡೆದಿಲ್ಲ ಅದಕ್ಕೆ.

ಅಡಿಟಿಪ್ಪಣಿಯಲ್ಲಿ ಬರೆದೆ. ಪರಿಶೀಲಕ ಕೇಳಿದ:
ಇದು ದತ್ತಾಂಶವೋ, ಬರೀ ಗದ್ದಲವೋ?

ಆರು ತಿಂಗಳು ಸಿಗಲಿಲ್ಲ, ಹಣವಿರಲಿಲ್ಲ.
ಹೊರಟ ದಿನ ಹಿಲ್ಮಾ ಒಣಮೀನು ಕಟ್ಟಿಕೊಟ್ಟಳು.
"ಎರಡೇ ವರ್ಷಕ್ಕೆ ನಮ್ಮ ಭಾಷೆ ಮುಗಿಸಿಬಿಟ್ಟೆಯಾ?
ನಮಗೆ ಮೂರು ತಲೆಮಾರು ಹಿಡಿಯಿತು."

ಈಗ ಲೇವಾರ್ಡನ್‌ನಿಂದ ಸಂದರ್ಶನ, ಪರದೆಯ ಮೇಲೆ ಐದು ಮುಖ.
ಫ್ರಿಸಿಯನ್ ಮಕ್ಕಳು, ಶಿಶುವಿಹಾರ, ಹದಿನೆಂಟು ತಿಂಗಳು.
ಮತ್ತೆ ಊರು ಬದಲಿಸಲು ಸಿದ್ಧರಿದ್ದೀರಾ?
ಉತ್ತರಿಸಿದೆ.
ಅವರು ಕಾಯುತ್ತಲೇ ಇದ್ದರು.
"ಏನೂ ಕೇಳಿಸಲಿಲ್ಲ," ಅಂದಳು ಅಧ್ಯಕ್ಷೆ,
"ನಿಮ್ಮ ಮೈಕು ಬಂದಾಗಿರಬೇಕು."