ರಿಬ್ಬನ್ನಿಲ್ಲದ ಟೈಪ್‌ರೈಟರ್

ಅಮ್ಮ ಎಡಗೈಯ ಕಿರುಬೆರಳೆತ್ತಿದರೆ
ನಾನು ಟೈಪ್ ಮಾಡಬೇಕು.
ಇಳಿಸಿದರೆ ನಿಲ್ಲಿಸಬೇಕು.
ಹತ್ತನೇ ವಯಸ್ಸಿಗೆ ಇದೇ ನನ್ನ ನೌಕರಿ,
ಸಂಬಳ ವಾರಕ್ಕೊಂದು ಚಾಕೊಲೇಟು.

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಸಾಲುಮನೆಗಳ ಕೊನೆಯದರಲ್ಲಿ
ಅಡುಗೆಮನೆಯ ಮಡಚುಮೇಜು, ಅದರ ಮೇಲೊಂದು ಫೋನು,
ಶೂ ಪೆಟ್ಟಿಗೆಯ ತುಂಬ ಕೆಲಸ ಕಳಕೊಂಡವರ ಹೆಸರು,
ಹಿಟ್ಟಿನ ಡಬ್ಬಿಗೆ ಒರಗಿ ನಿಂತ ದಪ್ಪನೆಯ ಡೈರೆಕ್ಟರಿ.
'ಟ್ರಾಂಟರ್ ಉದ್ಯೋಗ ಸೇವೆ, ಮೇವಿಸ್ ಮಾತಾಡ್ತಿದ್ದೇನೆ'
ಅನ್ನುವಾಗ ಅಮ್ಮನ ದನಿಗೆ
ಇಸ್ತ್ರಿಯ ಗೆರೆ ಬೀಳುತ್ತಿತ್ತು.

ಮೀನಿನ ಶೈತ್ಯಾಗಾರ ಮುಚ್ಚಿದ ದಿನ
ಹದಿನೆಂಟು ವರ್ಷದ ಲೆಕ್ಕ ಚುಕ್ತಾ ಮಾಡಿ
ಮೇಲೊಂದು ಟೈಪ್‌ರೈಟರ್ ಕೊಟ್ಟು ಕಳಿಸಿದ್ದರು.
ರಿಬ್ಬನ್ ಒಣಗಿ ಹರಿದಿತ್ತು.
'ಅಕ್ಷರ ಬೇಡ, ಸದ್ದು ಸಾಕು,' ಅಂದಳು ಅಮ್ಮ,
'ಆಚೆಯವರಿಗೆ ಹತ್ತು ಜನ ಇದ್ದ ಹಾಗೆ ಕೇಳಬೇಕು.'
ಹತ್ತು ಜನರಾಗಿ ಬಡಿದೆ:
ನನ್ನ ಹೆಸರು, ನಾಯಿಯ ಹೆಸರು, ಏಳರ ಮಗ್ಗಿ,
ಹೇಳಬಾರದ ಒಂದು ಬೈಗುಳ.

ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ
ಒಂದೊಂದು 'ಬೇಡ'ಕ್ಕೂ ಒಂದು ಪೆನ್ಸಿಲ್ ಗೀಟು.
'ಆಮೇಲೆ ನೋಡೋಣ'ಕ್ಕೆ ಅರ್ಧ ಗೀಟು.
ನೂರಾ ಹದಿನಾಲ್ಕೂವರೆಯ ಹೊತ್ತಿಗೆ
ಹೇತ್ ಸ್ಮೋಕ್‌ಹೌಸಿನ ಮುದುಕ ಗುರುಗುಟ್ಟಿದ:
'ಸೋಮವಾರಕ್ಕೆ ಮೀನು ಸೀಳುವವನೊಬ್ಬ ಬೇಕು. ಇದ್ದಾನಾ?'
'ಇದ್ದಾನೆ,' ಅಂದಳು ಅಮ್ಮ.
ಪೆಟ್ಟಿಗೆಯಲ್ಲಿ ಇರಲಿಲ್ಲ.

ಎರಡು ಮನೆ ಆಚೆ ಕೌಲ್ಟಾಸ್ ಇದ್ದ.
ಟ್ರಾಲರುಗಳು ನಿಂತ ಮೇಲೆ ಶೆಡ್ಡು ಸೇರಿದವನು
ಊಟಕ್ಕಷ್ಟೇ ಹೊರಬರುತ್ತಾನೆ ಎಂದು ಅವನ ಹೆಂಡತಿ
ಬಟ್ಟೆ ಒಣಹಾಕುತ್ತ ಹೇಳಿದ್ದಳು.
ಶನಿವಾರ ಅಮ್ಮ ಒಂದು ಹ್ಯಾಡಕ್ ತಂದು
ನಮ್ಮ ಬ್ರೆಡ್ ಚಾಕು ಅವನ ಮುಂದಿಟ್ಟಳು.
ಸಂದರ್ಶನ ಅಂದರೆ ಇಷ್ಟೇ.
ಅವನು ಚಾಕು ನೋಡಿದ, ನಕ್ಕ,
ಕೋಟಿನ ಒಳಜೇಬಿನಿಂದ ತನ್ನದನ್ನು ತೆಗೆದ.
ನಾಲ್ಕು ವರ್ಷ ಅದು ಅಲ್ಲೇ ಇತ್ತೇನೋ.
ಮುಳ್ಳಿಗೆ ಒಂದೆಳೆ ಮಾಂಸವೂ ಅಂಟಲಿಲ್ಲ.
ರಾತ್ರಿ ನಾವು ಆ ಸಂದರ್ಶನವನ್ನೇ ಹುರಿದು ತಿಂದೆವು.

ಮೊದಲ ಬಿಲ್ಲಿಗೆಂದು ರಿಬ್ಬನ್ ಕೊಂಡಳು.
ಒಂದೇ ಹಾಳೆ, ಮೂರು ಸಲ ತಪ್ಪಿ ನಾಲ್ಕನೆಯದು.
ಹಣ ಬಂತು, ಬಂದದ್ದು ನಿಲ್ಲಲಿಲ್ಲ:
ಗ್ಯಾಸಿಗಿಷ್ಟು, ಬಾಡಿಗೆಗಿಷ್ಟು, ನನ್ನ ಕಾಲಿಗೆ ಕಪ್ಪು ಶೂ.

ಒಪ್ಪಂದದ ಆರನೇ ಸಾಲು ನನಗೂ ಬಾಯಿಪಾಠ:
ಹನ್ನೆರಡು ವಾರದೊಳಗೆ ಬಿಟ್ಟರೆ ಪೂರ್ತಿ ಹಣ ವಾಪಸು.
ಹನ್ನೊಂದನೇ ವಾರದ ಗುರುವಾರ
ಕೌಲ್ಟಾಸ್ ಹಿತ್ತಿಲ ಬಾಗಿಲಲ್ಲಿ ನಿಂತ.
ಬಲಭುಜ ಮೇಲೇಳುತ್ತಿಲ್ಲ. ಟೋಪಿ ಎಡಗೈಯಲ್ಲಿ.
'ಇನ್ನೆಷ್ಟು ದಿನ ಎಳೆಯಬೇಕು, ಮೇವಿಸ್? ಎಳೀತೀನಿ.'
ನಾನು ನನ್ನ ಶೂ ನೋಡಿಕೊಂಡೆ.
ಅಮ್ಮನೂ ಅದನ್ನೇ ನೋಡಿದಳು.
'ನಾಳೆಯಿಂದ ಹೋಗಬೇಡ,' ಅಂದಳು.

ಆಮೇಲೆ ಹೇತ್‌ಗೆ ಫೋನು.
ಕೀಲಿಗಳ ಮೇಲೆ ಬೆರಳಿಟ್ಟು ಕಾದೆ.
ಕಿರುಬೆರಳು ಏಳಲಿಲ್ಲ.
ಮನೆಯ ಮೌನದಲ್ಲಿ ಆ ಕಡೆಯ ಮಾತು ನನಗೂ ಕೇಳಿಸಿತು:
'ಏನು, ಆಫೀಸಿಗೆ ರಜೆಯಾ ಇವತ್ತು?'
'ಆಫೀಸಿಲ್ಲ. ಇದು ನಮ್ಮ ಅಡುಗೆಮನೆ.
ಹಣ ಮೂರು ಕಂತಿನಲ್ಲಿ ಕೊಡ್ತೇನೆ.'
ಅವನು ಕೆಮ್ಮಿದ. ಹೊಗೆಯ ಮನುಷ್ಯ, ಕೆಮ್ಮು ಉದ್ದ.
'ಯಾವ ಆಫೀಸಿನ ಕೆಟಲ್ ಹಾಗೆ ಸೀಟಿ ಹೊಡೆಯುತ್ತೆ?
ಬುಧವಾರಕ್ಕೆ ಪ್ಯಾಕಿಂಗಿಗೆ ಇಬ್ಬರು ಬೇಕು.
ಕಂತು ಮಾತ್ರ ತಪ್ಪಿಸಬೇಡ.'

ತಪ್ಪಿಸಲಿಲ್ಲ.
ಆ ಟೈಪ್‌ರೈಟರ್ ಈಗ ನನ್ನಲ್ಲಿದೆ.
ರೋಲರಿನ ಕಪ್ಪು ರಬ್ಬರಿನ ಮೇಲೆ
ಒಂದರ ಮೇಲೊಂದು ಬಿದ್ದ ಸಾವಿರ ತಗ್ಗು;
ಬೆಳಕಿಗೆ ಓರೆ ಹಿಡಿದರೆ
ನಾಯಿಯ ಹೆಸರು ಮಾತ್ರ ಓದಲು ಬರುತ್ತದೆ.