ಆರು ತಿಂಗಳ ನಂತರ

ಮೂರು ವಾರ, ದಿನಕ್ಕೆ ನಾಲ್ಕು ಆಟ.
ಆ ಹೆಣ್ಣಿಗೆ ಕಾಯಿಲೆ ಶುರುವಾಗುವುದು
ಎರಡನೇ ಹಾಡಿನ ಕೊನೆಗೆ, ಮೆಟ್ಟಿಲ ಮೇಲೆ.
ಆಗ ನಾನು ತಡವಾಗಿ ಬಂದವರ ಕಾಲಡಿಗೆ
ಟಾರ್ಚು ಹಿಡಿದಿರುತ್ತೇನೆ.
ಗಂಡ ತಟ್ಟೆ ಎಸೆಯುವ ಹೊತ್ತಿಗೆ
ಬಿ.ಎಚ್. ರೋಡಿನ ಈ ಥಿಯೇಟರು ಪೂರ್ತಿ ‘ಛೆ’ ಅನ್ನುತ್ತದೆ.
ಚೆಲ್ಲಿದ ಅನ್ನ ಯಾರು ಬಳಿದರೋ, ತೋರಿಸುವುದಿಲ್ಲ.
ಪರದೆ ಕಪ್ಪಾಗಿ, ಬಿಳಿ ಅಕ್ಷರ:
‘ಆರು ತಿಂಗಳ ನಂತರ’.

ಆ ಆರು ತಿಂಗಳು ನನಗೆ ಗೊತ್ತು.
ಮೆಗ್ಗಾನ್ ಆಸ್ಪತ್ರೆಯ ಡಯಾಲಿಸಿಸ್ ಬಾಗಿಲ ಹೊರಗೆ
ಮಂಗಳವಾರ, ಶುಕ್ರವಾರ,
ಕಬ್ಬಿಣದ ಬೆಂಚಿನ ಮೇಲೆ ಕೂತು ಕಳೆದದ್ದು.
ದಾಕ್ಷಾಯಿಣಿಗೆ ದಿನಕ್ಕೆ ಮುಕ್ಕಾಲು ಲೀಟರು ನೀರು,
ಸಾರು, ಮಜ್ಜಿಗೆ, ಮಾತ್ರೆಯ ಗುಟುಕು ಎಲ್ಲ ಸೇರಿ.
ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದವನು ನಾನೇ.
ತುಂಗೆ ಸೇತುವೆ ಮುಟ್ಟಲು ಎರಡೇ ಅಡಿ ಬಾಕಿಯಿದ್ದ ವಾರ
ಅವಳು ಬಚ್ಚಲಲ್ಲಿ ಕದ್ದು ಕುಡಿದಳು.
ಚೊಂಬು ಕಸಿದೆ.
ಎಸೆಯಲಿಲ್ಲ, ಕೈಜಾರಿತು ಅಂತ ಈಗಲೂ ಹೇಳಿಕೊಳ್ಳುತ್ತೇನೆ.
ಆ ಸದ್ದಿಗೆ ಪಕ್ಕದ ಮನೆಯ ಟಿವಿ ಸಣ್ಣಗಾಯಿತು.
ಆಮೇಲೆ ಅವಳ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ.
‘ಮಾತ್ರೆ ಆಯ್ತಾ?’
‘ಆಯ್ತು.’
ಕೌಂಟರಿನ ಆಚೆ ಒಬ್ಬರು, ಈಚೆ ಒಬ್ಬರು.

ರಾತ್ರಿ ಹನ್ನೆರಡೂವರೆಗೆ ಸೈಕಲ್ ಒರಗಿಸಿದರೆ
ಒಳಗಿಂದ ಕೇಳುತ್ತಾಳೆ:
‘ಇವತ್ತೂ ಉಳ್ಕಂಡ್ಲಾ ನಿಮ್ ಹೀರೋಯಿನ್ನು?’
‘ಉಳ್ಕಂಡ್ಲು.’
‘ಖರ್ಚು ಯಾರ್ದಂತೆ?’

ಈ ಗುರುವಾರ ಮ್ಯಾಟಿನಿಗೆ ತಾನೇ ಬಂದಳು, ಆಟೋದಲ್ಲಿ,
ಮದುವೆ ಮನೆಗೆ ಉಡುವ ಸೀರೆ.
ಪಾಸು ಬೇಡವೆಂದು ಟಿಕೆಟ್ಟು ಕೊಂಡಳು.
ಅರ್ಧ ಹರಿದು ಅರ್ಧ ಕೈಗಿಟ್ಟೆ, ಎಲ್ಲರಿಗೂ ಇಟ್ಟ ಹಾಗೆ.
ಕೊನೆಯಲ್ಲಿ, ಎಲ್ಲ ಮೂಗೊರೆಸಿಕೊಳ್ಳುವ ಕಡೆ,
ಒಬ್ಬಳೇ ನಕ್ಕಳು, ಜೋರಾಗಿ.
ಜನ ತಿರುಗಿ ನೋಡಿದರು.
ನಾನು ಟಾರ್ಚು ಆರಿಸಿದೆ.

ಮನೆಯಲ್ಲಿ ಅಂದಳು:
‘ಆಸ್ಪತ್ರೆ ಮಂಚದ ಮೇಲೆ ಅಷ್ಟು ಹೂವು ಯಾರ್ ಬಿಡ್ತಾರೆ?
ಅವ್ಳ ಕೈ ನೋಡಿದ್ರಾ, ಒಂದ್ ಗಂಟಿಲ್ಲ, ಒಂದ್ ಕಲೆ ಇಲ್ಲ.’
ಸ್ವಲ್ಪ ಹೊತ್ತು ಸುಮ್ಮನಿದ್ದು,
‘ತಟ್ಟೆ ಮಾತ್ರ ಸರಿಯಾಗಿ ತೆಗ್ದಿದಾರೆ.’

ಚೊಂಬಿನ ಮಾತು ಎತ್ತಬೇಕೆಂದುಕೊಂಡೆ.
ಎತ್ತಲಿಲ್ಲ.
ಕತ್ತಲಲ್ಲಿ ಅವಳ ಎಡ ಮುಂಗೈ ಮುಟ್ಟಿದೆ.
ನರ ಕೂಡಿಸಿ ಹೊಲಿದ ಕಡೆ ರಕ್ತ ಗುಂಯ್ ಅನ್ನುತ್ತಿತ್ತು,
ರೀಲಿನ ಕಾಲದಲ್ಲಿ ಕ್ಯಾಬಿನ್ನಿನ ಗೋಡೆ ಮುಟ್ಟಿದರೆ
ಒಳಗೆ ಮಿಷಿನ್ನು ಓಡುವುದು ತಿಳಿಯುತ್ತಿದ್ದ ಹಾಗೆ.
‘ಒತ್ಬೇಡಿ, ನಿಂತೋಗುತ್ತೆ.’
ಬೆರಳು ಹಗುರ ಮಾಡಿದೆ.
ದಾಕ್ಷಾಯಿಣಿ, ಅಂದೆ.
‘ನಾಳೆ ಶುಕ್ರವಾರ,’ ಅಂದಳು,
‘ಏಳಕ್ಕೇ ಅಲ್ಲಿರ್ಬೇಕು.’